ಗಡಿಮನೆಯ ಮಕ್ಕಳಿಗೆ ವಿಶ್ವಾಸದ ಪಾಠ: ಹತ್ತು ಸೂತ್ರಗಳು

ಮಹಾರಾಷ್ಟ್ರ-ಕರ್ನಾಟಕ ಗಡಿಯ ಔರಾದ ಶಹಾಜನಿ ಸೀಮೆಯ ಕನ್ನಡ ಮನೆಯ ಮಗು ಒಲೆಯ ಮುಂದೆ ಕನ್ನಡ ಆಡುತ್ತದೆ, ಶಾಲೆಯಲ್ಲಿ ಮರಾಠಿ ಓದುತ್ತದೆ, ಸಂತೆಯಲ್ಲಿ ಹಿಂದಿಯನ್ನೂ ಬೆರೆಸುತ್ತದೆ. 1956ರವರೆಗೆ ಈ ಸೀಮೆಯ ನಿಲಂಗಾ, ಉದಗೀರ ಎರಡೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮನೆಯವರು ಒಂದು ರಾಜ್ಯಕ್ಕೆ, ಬೀಗರು ಇನ್ನೊಂದಕ್ಕೆ ಸೇರಿದರು. ಕಥೋಲಿಕ ಧರ್ಮಸಭೆಯ ಆಡಳಿತವೂ ಹಾಗೆಯೇ ಹಂಚಿದೆ. ಲಾತೂರ ಕಡೆಯ ಊರುಗಳು 1977ರಲ್ಲಿ ಸ್ಥಾಪನೆಯಾದ ಔರಂಗಾಬಾದ್ ಧರ್ಮಕ್ಷೇತ್ರಕ್ಕೆ ಸೇರಿದರೆ, ಬೀದರ ಕಡೆಯವು 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಕ್ಷೇತ್ರಕ್ಕೆ ಸೇರಿವೆ. ಕಥೋಲಿಕ ಮನೆಗಳು ವಿರಳವಾಗಿರುವ ಇಂಥ ಸೀಮೆಯಲ್ಲಿ ಭಾನುವಾರದ ಧರ್ಮೋಪದೇಶ ತರಗತಿಯೊಂದನ್ನೇ ನಂಬಿ ಕೂರುವಂತಿಲ್ಲ. ಮಕ್ಕಳನ್ನು ಮಾತು ಮತ್ತು ನಡತೆಯಿಂದ ವಿಶ್ವಾಸದಲ್ಲಿ ಬೆಳೆಸುವ ಹೊಣೆ ಎಲ್ಲರಿಗಿಂತ ಮೊದಲು ತಂದೆತಾಯಿಯದು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ತನ್ನ 774ನೇ ವಿಧಿಯಲ್ಲಿ ಹೇಳುತ್ತದೆ. ಆ ಹೊಣೆ ಹೊರಲು ದೇವಶಾಸ್ತ್ರದ ಪದವಿ ಬೇಕಿಲ್ಲ. ಮನೆ, ಮನೆಮಾತು, ಕ್ರಮ ತಪ್ಪದ ಅಭ್ಯಾಸ ಇದ್ದರೆ ಸಾಕು.

1. ಮೊದಲ ಪ್ರಾರ್ಥನೆ ಮನೆಮಾತಿನಲ್ಲೇ ಇರಲಿ

1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್ ಗಂಟೆ ಬಾರಿಸುತ್ತಾ ಬೀದಿ ಸುತ್ತಿ ಮಕ್ಕಳನ್ನು ಕೂಡಿಸುತ್ತಿದ್ದರು. ಮುತ್ತು ತೆಗೆಯುವವರ ಕರಾವಳಿಗೆ ಹೋದಾಗ ಮುಖ್ಯ ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿ, ತಾವೇ ಬಾಯಿಪಾಠ ಮಾಡಿ ಕಲಿಸಿದರು. ಮುಂದಿನ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ನೀವೂ ಅದನ್ನೇ ಮಾಡಿ. ಶಿಲುಬೆ ಗುರುತು, ಪ್ರಭು ಕಲಿಸಿದ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಪ್ರಮಾಣ ಇವಿಷ್ಟನ್ನು ಶಾಲೆ ಸೇರುವ ಮೊದಲೇ ಅವ್ವ, ಅಜ್ಜಿಯ ಬಾಯಿಂದ ಕನ್ನಡದಲ್ಲಿ ಕಲಿಸಿ. ಹೆದರಿದಾಗ, ಅಳುವಾಗ ಮಗುವಿನ ಬಾಯಿಗೆ ಬರುವುದು ಮನೆಮಾತು. ಪ್ರಾರ್ಥನೆಯೂ ಅದೇ ಮಾತಿನಲ್ಲಿ ಬರುವಂತಾಗಬೇಕು.

2. ಮರಾಠಿಯನ್ನೂ ಆಸ್ತಿಯಾಗಿ ಮಾಡಿಕೊಳ್ಳಿ

ಶಾಲೆಯ ಮರಾಠಿ ನಿಮ್ಮ ಮಗುವಿಗೆ ಒಂದು ದೊಡ್ಡ ಭಂಡಾರದ ಬಾಗಿಲು ತೆರೆದಿದೆ. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಗೋವೆಯಲ್ಲಿ ನೆಲೆಸಿ ಮರಾಠಿಯಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ಸುಮಾರು 11,000 ಓವಿಗಳ ಕಾವ್ಯವದು. ಜ್ಞಾನೇಶ್ವರಿಯ ಛಂದಸ್ಸೂ ಓವಿಯೇ. ಈ ನೆಲದ ಜನ ಯಾವ ಧಾಟಿಯಲ್ಲಿ ದೇವರನ್ನು ಹಾಡುತ್ತಿದ್ದರೋ ಅದೇ ಧಾಟಿಯಲ್ಲಿ ಕ್ರಿಸ್ತನ ಕಥೆ ಹೇಳಿದ ಹಿರಿಮೆ ಅದಕ್ಕಿದೆ. ಎಂಟು, ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಅದರ ನಾಲ್ಕು ಓವಿ ಹಾಡಲು ಕಲಿಸಿ. ಬಲಿಪೂಜೆ ಮರಾಠಿಯಲ್ಲಿ ನಡೆಯುವ ಕಡೆ ಅದರ ಉತ್ತರಗಳನ್ನೂ ಕಲಿಸಿ. ಆಗ ಮಗು ಗುಡಿಯಲ್ಲಿ ಪರಕೀಯನಂತೆ ನಿಲ್ಲದೆ ಎಲ್ಲರೊಡನೆ ದನಿಗೂಡಿಸುತ್ತದೆ.

3. ದಿನಕ್ಕೆ ಹತ್ತು ನಿಮಿಷ, ಒಂದೇ ಹೊತ್ತು

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಕೂಡಿ ಕೂರಿ. ಶಿಲುಬೆ ಗುರುತು, ಶುಭಸಂದೇಶದ ಒಂದು ಸಣ್ಣ ಭಾಗ, ಆ ದಿನ ದೇವರಿಗೆ ಧನ್ಯವಾದ ಹೇಳಬೇಕಾದ ಒಂದು ಸಂಗತಿ, ಜಪಮಾಲೆಯ ಒಂದು ದಶಕ. ಇಷ್ಟೇ ಸಾಕು. ವಾರದಲ್ಲಿ ಎರಡು ದಿನ ಮಗುವೇ ಪ್ರಾರ್ಥನೆ ನಡೆಸಲಿ. ಅಪ್ಪ ಕಡ್ಡಾಯವಾಗಿ ಕೂರಬೇಕು. ಅಪ್ಪ ಟಿವಿ ಮುಂದೆ, ಅವ್ವ ಜಪಮಾಲೆ ಹಿಡಿದು ಎಂದಾದರೆ ಪ್ರಾರ್ಥನೆ ಹೆಂಗಸರ ಕೆಲಸವೆಂದು ಗಂಡುಮಗು ತಿಳಿಯುತ್ತದೆ.

4. ಏಳನೇ ವರ್ಷವನ್ನು ಕೈಬಿಡಬೇಡಿ

ಮಕ್ಕಳು ಪ್ರಥಮ ಪರಮಪ್ರಸಾದಕ್ಕಾಗಿ ಹತ್ತು, ಹನ್ನೆರಡು ವರ್ಷದವರೆಗೆ ಕಾಯುತ್ತಿದ್ದ ಕಾಲವಿತ್ತು. ಪೋಪ್ ಹತ್ತನೇ ಪಿಯುಸ್ ಅವರ ಆಳ್ವಿಕೆಯಲ್ಲಿ 1910ರ ಆಗಸ್ಟ್ 8ರಂದು ಹೊರಟ ಆಜ್ಞೆ ಅದನ್ನು ಬದಲಿಸಿತು. ವಿವೇಕ ಮೂಡುವ ವಯಸ್ಸು ಏಳರ ಆಸುಪಾಸು, ಪರಮಪ್ರಸಾದವು ಸಾಮಾನ್ಯ ರೊಟ್ಟಿಯಲ್ಲವೆಂದು ಮಗುವಿಗೆ ತಿಳಿದಿರಬೇಕು ಎಂದು ಅದು ಹೇಳಿತು. ಆರು ತುಂಬಿದ ಕೂಡಲೇ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಂಡು ಮಾತಾಡಿ. ದೀಕ್ಷಾಸ್ನಾನದ ಪತ್ರ ತೆಗೆದಿಡಿ. ಪರಮಪ್ರಸಾದಕ್ಕೆ ಮೊದಲು ಪಾಪನಿವೇದನೆ ಆಗಬೇಕು, ಅದಕ್ಕೂ ಸಮಯ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರವೂ ಬೇಕು. ದಸರೆ ಮುಗಿಯುತ್ತಲೇ ಮರಾಠವಾಡದ ಅದೆಷ್ಟೋ ಕುಟುಂಬಗಳು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೊರಡುತ್ತವೆ. ಆಗಮನ ಕಾಲ, ಕ್ರಿಸ್ಮಸ್, ತಪಸ್ಸುಕಾಲ ಬರುವುದು ಆ ತಿಂಗಳುಗಳಲ್ಲೇ. ಹಾಗೆ ಹೋಗುವವರ ಮಕ್ಕಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಠ ಮುಗಿಸಿ. ಉಪದೇಶಿಗಳು ವೇಳಾಪಟ್ಟಿ ಹಾಕುವಾಗ ಪುಸ್ತಕದ ಅಧ್ಯಾಯ ನೋಡುವುದಕ್ಕಿಂತ ಮೊದಲು ಊರಿನ ದುಡಿಮೆಯ ತಿಂಗಳು ನೋಡಲಿ.

5. ಕಥೆ ಮೊದಲು, ವ್ಯಾಖ್ಯೆ ಆಮೇಲೆ

ಯೇಸು ಸ್ವಾಮಿ ಹೇಳಿದ ಸಾಮತಿಗಳು ಒಕ್ಕಲು ಮನೆಯ ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ. ಮಿರಗದ ಮಳೆ ಬಿದ್ದು ಬಿತ್ತನೆ ಶುರುವಾದ ವಾರವೇ ಬಿತ್ತುವವನ ಸಾಮತಿ ಓದಿ. ಕಾಲುದಾರಿ, ಕಲ್ಲುನೆಲ, ಮುಳ್ಳು, ಹದವಾದ ಮಣ್ಣು ಈ ನಾಲ್ಕನ್ನೂ ಹೊಲದಲ್ಲೇ ಹುಡುಕಿ ತೋರಿಸಲು ಮಗುವಿಗೆ ಹೇಳಿ. ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಗಳ ಕಥೆ ಇನ್ನೂ ಹತ್ತಿರದ್ದು. ಸಂಜೆ ಐದಕ್ಕೆ ಕೆಲಸಕ್ಕೆ ಬಂದವನಿಗೂ ಯಜಮಾನ ಪೂರ್ತಿ ಕೂಲಿ ಕೊಟ್ಟ. “ಇದು ನ್ಯಾಯವೇ?” ಎಂದು ಕೇಳಿ. ದಿನಗೂಲಿಯ ಬೆಲೆ ಬಲ್ಲ ಮಕ್ಕಳು ಜೋರಾಗಿ ವಾದಿಸುತ್ತಾರೆ, ವಾದಿಸಲಿ. ಸಂಜೆಯವರೆಗೂ ಯಾರೂ ಕೆಲಸಕ್ಕೆ ಕರೆಯದ ಮನುಷ್ಯನ ಮನೆಯಲ್ಲೂ ಉಣ್ಣುವ ಬಾಯಿಗಳಿವೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ದೇವರ ಕೃಪೆ ಎಂದರೇನೆಂದು ಆಮೇಲೆ ಹೇಳಿ.

6. ಕೈಗೆ ಕೆಲಸ ಕೊಡಿ

ಸೋಫಿಯಾ ಕವಲೆತ್ತಿ ಮತ್ತು ಜಿಯಾನ್ನಾ ಗೊಬ್ಬಿ 1954ರಲ್ಲಿ ರೋಮಿನಲ್ಲಿ ಆರಂಭಿಸಿದ ‘ಒಳ್ಳೆಯ ಕುರುಬ’ ಧರ್ಮೋಪದೇಶ ಮಾಂಟೆಸ್ಸರಿ ವಿಧಾನದ್ದು. ಮಗು ಪುಟ್ಟ ಪೀಠ, ಕುರಿಹಟ್ಟಿ, ಕುರಿಗಳನ್ನು ಮುಟ್ಟಿ, ಜೋಡಿಸಿ ಕಲಿಯುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಕಾಲಡಿಯಲ್ಲೇ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದನ್ನು ನೋಡಿ ಬೆಳೆದ ಕೈಗಳಿಗೆ ಕುರಿ ಮಾಡುವುದು ಕಷ್ಟವಲ್ಲ. ಕರಿಮಣ್ಣಿನಲ್ಲಿ ಕುರುಬನನ್ನು, ಕುರಿಗಳನ್ನು, ಕಡೆಯ ಭೋಜನದ ಬಟ್ಟಲನ್ನು ಮಾಡಿಸಿ, ಒಣಗಿಸಿ, ಮನೆಯ ಮೂಲೆಯಲ್ಲಿಡಿ. ಮಗು ಅದನ್ನು ಹಿಡಿದು ಕಥೆ ಹೇಳುವಾಗ ನೀವು ಕೇಳಿ.

7. ನೆರೆಮನೆಯ ಭಕ್ತಿಯನ್ನು ಗೌರವಿಸಲು ಕಲಿಸಿ

ಇದು ಶರಣರ ಬಸವಕಲ್ಯಾಣ ಹತ್ತಿರವಿರುವ, ವಾರಕರಿಗಳ ಅಭಂಗ ಕೇಳುವ ಸೀಮೆ. ನಿಮ್ಮ ಮಗು ತರಗತಿಯ ಒಬ್ಬನೇ ಕ್ರೈಸ್ತ ವಿದ್ಯಾರ್ಥಿಯೂ ಆಗಿರಬಹುದು. ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪವಿತ್ರವಾದುದನ್ನೂ ಕಥೋಲಿಕ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಸಾರಿತು. ದಸರೆಗೆ ಗೆಳೆಯ ಬನ್ನಿ ಕೊಟ್ಟರೆ ಪ್ರೀತಿಯಿಂದ ತೆಗೆದುಕೊಳ್ಳಲಿ. ಕ್ರಿಸ್ಮಸ್‌ಗೆ ಅದೇ ಗೆಳೆಯನನ್ನು ಊಟಕ್ಕೆ ಕರೆಯಲಿ. ಜೊತೆಗೆ, “ನೀವು ಯಾರನ್ನು ಪೂಜಿಸುತ್ತೀರಿ?” ಎಂದು ಯಾರಾದರೂ ಕೇಳಿದರೆ ನಾಚದೆ, ಜಂಬ ಕೊಚ್ಚದೆ ಎರಡೇ ವಾಕ್ಯದಲ್ಲಿ ಉತ್ತರ ಹೇಳುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ. ತನ್ನದನ್ನು ಚೆನ್ನಾಗಿ ಬಲ್ಲ ಮಗು ಇನ್ನೊಬ್ಬರದನ್ನು ಹೀಯಾಳಿಸುವುದಿಲ್ಲ.

8. ಕಷ್ಟದ ಪ್ರಶ್ನೆಗೆ ಬಾಯಿ ಮುಚ್ಚಿಸಬೇಡಿ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಕಡೆಯ ಕಿಲ್ಲಾರಿಯ ಭೂಕಂಪ ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ನೆಲಕ್ಕೆ ಕೆಡವಿತು. ಸತ್ತವರು ಸುಮಾರು 10,000 ಮಂದಿ. ಅಜ್ಜ ಆ ಕಥೆ ಹೇಳಿದಾಗ ಮೊಮ್ಮಗಳು ಕೇಳಿಯೇ ಕೇಳುತ್ತಾಳೆ: “ದೇವರು ಯಾಕೆ ತಡೆಯಲಿಲ್ಲ?” ಪಾಪದ ಶಿಕ್ಷೆ ಎಂದು ಎಂದಿಗೂ ಹೇಳಬೇಡಿ. ಶಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ದೊಡ್ಡ ತಪ್ಪಿತಸ್ಥರಲ್ಲ ಎಂದು ಯೇಸುವೇ ಹೇಳಿದ್ದಾರೆ, ಲೂಕನ 13ನೇ ಅಧ್ಯಾಯದಲ್ಲಿದೆ. ಲಾಜರನ ಸಮಾಧಿಗೆ ಹೋಗುವಾಗ ಅವರೂ ಅತ್ತರು. ಇದಿಷ್ಟನ್ನು ಹೇಳಿ. ತಿಳಿಯದ್ದನ್ನು “ಫಾದರ್ ಹತ್ತಿರ ಕೇಳೋಣ” ಎನ್ನಿ, ಮರೆಯದೆ ಕೇಳಿ ಬಂದು ತಿಳಿಸಿ.

9. ಮೊಬೈಲನ್ನು ಒಳ್ಳೆಯ ಕೆಲಸಕ್ಕೆ ಹಚ್ಚಿ

ಕಾರ್ಲೊ ಅಕುಟಿಸ್ 1991ರಲ್ಲಿ ಹುಟ್ಟಿ, 2006ರಲ್ಲಿ ಹದಿನೈದನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಇಟಲಿಯ ಹುಡುಗ. ಕಂಪ್ಯೂಟರ್ ಬಲ್ಲ ಆತ ಪರಮಪ್ರಸಾದದ ಪವಾಡಗಳನ್ನೆಲ್ಲ ಒಂದೆಡೆ ಕಲೆಹಾಕಿದ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿ ಪಡೆದ. ಜೀನ್ಸ್ ತೊಟ್ಟ, ಆಟವಾಡಿದ ಹುಡುಗನೂ ಸಂತನಾಗಬಲ್ಲನೆಂದು ಮಕ್ಕಳಿಗೆ ಗೊತ್ತಾಗಲಿ. ಆ ದಿನದ ಶುಭಸಂದೇಶವನ್ನು ಮಗುವೇ ಕನ್ನಡದಲ್ಲಿ ಓದಿ, ಧ್ವನಿಮುದ್ರಿಸಿ, ದೂರದ ಅಜ್ಜಿಗೆ ಕಳಿಸಲಿ.

10. ನಾಲ್ಕು ಮನೆಗೆ ಒಬ್ಬ ಉಪದೇಶಿ

ಭಾನುವಾರ ಹಾಗೂ ಹಬ್ಬದ ದಿನಗಳಲ್ಲಿ ಮಕ್ಕಳಿಗೆ ಒಂದು ಗಂಟೆ ಧರ್ಮೋಪದೇಶ ಆಗಲೇಬೇಕೆಂದು ಹತ್ತನೇ ಪಿಯುಸ್ 1905ರಲ್ಲೇ ವಿಧಿಸಿದ್ದರು. ಪ್ರತಿ ವಾರ ಗುರುಗಳು ಬರಲಾಗದಿದ್ದರೆ ಅಕ್ಕಪಕ್ಕದ ಊರಿನ ನಾಲ್ಕು ಮನೆಯವರು ಸರದಿಯಂತೆ ಒಂದೊಂದು ಮನೆಯಲ್ಲಿ ಕೂಡಿ. ಓದಿದ ಒಬ್ಬ ಅಕ್ಕನನ್ನೋ ಅಣ್ಣನನ್ನೋ ಉಪದೇಶಿಯಾಗಿ ಆರಿಸಿ, ಗುರುಗಳ ಒಪ್ಪಿಗೆ ಪಡೆದು, ತರಬೇತಿಗೆ ಕಳಿಸಿ. ಗುರು ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರ ಎನ್‌ಬಿಸಿಎಲ್‌ಸಿ ಬೈಬಲ್, ಆರಾಧನಾವಿಧಿಯ ಜೊತೆಗೆ ಧರ್ಮೋಪದೇಶಕ್ಕೂ ಮೀಸಲಾದ ಸಂಸ್ಥೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಯ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿಯೇ ಸ್ಥಾಪಿಸಿದರು. ಉಪದೇಶಿಯ ಓಡಾಟದ ಖರ್ಚನ್ನು ಮನೆಗಳವರು ಹಂಚಿಕೊಳ್ಳಿ.

ಮಗು ಎಷ್ಟು ಪ್ರಾರ್ಥನೆ ಬಾಯಿಪಾಠ ಒಪ್ಪಿಸಿತು ಎನ್ನುವುದರಿಂದ ಯಶಸ್ಸನ್ನು ಅಳೆಯಬೇಡಿ. ಜಗಳವಾಡಿದ ತಂಗಿಯ ಹತ್ತಿರ ತಾನಾಗಿ ಹೋಗಿ ಕ್ಷಮೆ ಕೇಳಿತೇ, ಬುತ್ತಿಯಿಲ್ಲದೆ ಬಂದ ಗೆಳೆಯನಿಗೆ ತನ್ನ ರೊಟ್ಟಿ ಮುರಿದು ಕೊಟ್ಟಿತೇ, ಯಾರೂ ಹೇಳದಿದ್ದರೂ ಮಲಗುವ ಮೊದಲು ಕೈ ಜೋಡಿಸಿತೇ ನೋಡಿ. ಹತ್ತು ಸೂತ್ರವನ್ನೂ ಒಮ್ಮೆಲೇ ಹಿಡಿಯುವುದು ಬೇಡ. ಈ ಭಾನುವಾರ ಮೂರನೆಯದರಿಂದ ಶುರುಮಾಡಿ, ಮುಂದಿನ ಹಬ್ಬದ ಹೊತ್ತಿಗೆ ಇನ್ನೊಂದನ್ನು ಸೇರಿಸಿ.