ಹೊಲಿಗೆ ಹಾಕಿದ ಬೆಕ್ಕಿನ ಮರಿ ಮನೆಗೆ ಬಂದಾಗ

ಆಪರೇಶನ್ ಮುಗಿದರೆ ಮರಿಯ ಕಷ್ಟವೂ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಆದರೆ ಚಿಕಿತ್ಸೆಯ ಅರ್ಧ ಭಾಗ ನಡೆಯುವುದು ಮನೆಯಲ್ಲೇ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಪಶು ಆಸ್ಪತ್ರೆಗಳಿಗೆ ಎತ್ತು, ಎಮ್ಮೆ, ಆಡು-ಕುರಿಗಳದ್ದೇ ಹೆಚ್ಚಿನ ಕೆಲಸ. ಹಾಗಾಗಿ ಬೆಕ್ಕಿನ ಮರಿಗೆ ಆಪರೇಶನ್ ಬೇಕಾದಾಗ ಅನೇಕರು ಹುಬ್ಬಳ್ಳಿ-ಧಾರವಾಡದ ಖಾಸಗಿ ಕ್ಲಿನಿಕ್‌ಗಳಿಗೆ ಹೋಗುತ್ತಾರೆ. ಊರಿಗೆ ಮರಳಿದ ಮೇಲೆ ತೊಂದರೆಯಾದರೆ ವೈದ್ಯರು ದೂರ. ಆಗ ಮನೆಯವರ ತಿಳಿವಳಿಕೆಯೇ ಮರಿಗೆ ಆಸರೆ.

ಕುಂದಗೋಳ ತಾಲೂಕಿನ ಒಂದು ಮನೆಯಲ್ಲಿ ನಡೆದದ್ದನ್ನೇ ನೋಡಿ. ಮೂರು ತಿಂಗಳ ಮರಿಗೆ ಹೊಕ್ಕುಳಲ್ಲಿ ಹರ್ನಿಯಾ ಇತ್ತು. ನಗರದ ಕ್ಲಿನಿಕ್ ಒಂದರಲ್ಲಿ ಆಪರೇಶನ್ ಮಾಡಿ, ಪೂರ್ತಿ ಎಚ್ಚರವಾಗುವ ಮೊದಲೇ ರಟ್ಟಿನ ಡಬ್ಬಿಯಲ್ಲಿಟ್ಟು ಕಳಿಸಿಬಿಟ್ಟರು. ಬಸ್ಸಿನಲ್ಲಿ ಊರು ತಲುಪುವಷ್ಟರಲ್ಲಿ ಮರಿಯ ಮೈ ತಣ್ಣಗಾಗಿತ್ತು. ಕೊಟ್ಟ ಔಷಧದ ಹೆಸರು ಬರೆದಿರಲಿಲ್ಲ, ನೋವಿನ ಔಷಧವಿರಲಿಲ್ಲ, ಹೊಲಿಗೆ ನೆಕ್ಕದಂತೆ ತಡೆಯಬೇಕೆಂದೂ ಯಾರೂ ಹೇಳಲಿಲ್ಲ. ಮೂರನೆಯ ದಿನ ಎರಡು ಹೊಲಿಗೆ ಬಿಚ್ಚಿದವು. ಫೋನ್ ಮಾಡಿದರೆ ಎತ್ತುವವರಿಲ್ಲ. ಕೊನೆಗೆ ಬೇರೆ ವೈದ್ಯರಲ್ಲಿಗೆ ಓಡಬೇಕಾಯಿತು. ಮರಿ ಉಳಿಯಿತು, ಆದರೆ ಖರ್ಚು ಮತ್ತು ನೋವು ಎರಡೂ ಇಮ್ಮಡಿಯಾದವು.

ಕ್ಲಿನಿಕ್ ಬಿಡುವ ಮೊದಲು ಕೇಳಿ

ಪ್ರಶ್ನೆ ಕೇಳುವುದು ವೈದ್ಯರಿಗೆ ಅಗೌರವವಲ್ಲ. ಈ ಐದು ವಿಷಯಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ:

1. ಯಾವ ಆಪರೇಶನ್ ಆಯಿತು, ಯಾವ ಔಷಧ ಕೊಟ್ಟರು.
2. ಮನೆಯಲ್ಲಿ ಕೊಡಬೇಕಾದ ನೋವಿನ ಔಷಧ ಮತ್ತು ಅದರ ಪ್ರಮಾಣ.
3. ಹೊಲಿಗೆ ತಾನೇ ಕರಗುವುದೋ, ತೆಗೆಸಬೇಕೋ. ತೆಗೆಸುವುದಾದರೆ ಸಾಮಾನ್ಯವಾಗಿ 10ರಿಂದ 14 ದಿನಗಳ ನಂತರ.
4. ಮತ್ತೆ ಯಾವ ದಿನ ತೋರಿಸಬೇಕು.
5. ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು.

ಮರಿ ತಲೆಯೆತ್ತಿ, ಎದ್ದು ನಿಲ್ಲುವವರೆಗೆ ಅಲ್ಲೇ ಇರಿಸಿಕೊಳ್ಳುವಂತೆ ಕೇಳಿ. ಆಪರೇಶನ್‌ಗೆ ಮುನ್ನ ಎಷ್ಟು ಗಂಟೆ ಆಹಾರ ನಿಲ್ಲಿಸಬೇಕೆಂದೂ ತಿಳಿದುಕೊಳ್ಳಿ. ಸಣ್ಣ ಮರಿಯನ್ನು ದೊಡ್ಡ ಬೆಕ್ಕಿನಂತೆ ಇಡೀ ರಾತ್ರಿ ಉಪವಾಸ ಇಡಬಾರದು. ರಕ್ತದಲ್ಲಿನ ಸಕ್ಕರೆ ಬೇಗ ಇಳಿದುಬಿಡುತ್ತದೆ.

ಮೊದಲ ರಾತ್ರಿ

ಅರಿವಳಿಕೆಯಿಂದ ಮೈಯ ಬಿಸಿ ಇಳಿಯುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬರಿಯ ಬಾಟಲಿ ಮೈಗೆ ತಾಗಿದರೆ ಸುಡುತ್ತದೆ. ಹಾಸಲು ಹಳೆಯ ಕೌದಿಯ ತುಂಡು ಸಾಕು. ಎತ್ತರದಲ್ಲಿ ಮಲಗಿಸಬೇಡಿ, ತೂರಾಡಿ ಬಿದ್ದೀತು. ಪೂರ್ತಿ ಎಚ್ಚರವಾದ ಮೇಲೆ ಮೊದಲು ಸ್ವಲ್ಪ ನೀರು, ಅದು ದಕ್ಕಿದರೆ ಸ್ವಲ್ಪ ಆಹಾರ ಕೊಡಿ. ಅರೆ ಎಚ್ಚರದಲ್ಲಿ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಕೂಡಿಡುವುದೂ ಆರೈಕೆಯೇ

ಬೆಕ್ಕನ್ನು ಕಟ್ಟಿಹಾಕಿ, ಅದಕ್ಕೆ ತಿನ್ನಲು ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇದನ್ನು ನೆನೆದು ಕೆಲವರು ಮರಿಯನ್ನು ಕೋಣೆಯಲ್ಲಿ ಇಡಲು ಅಳುಕುತ್ತಾರೆ. ಅಲ್ಲಿ ತಪ್ಪಾದದ್ದು ಹಸಿವಿನಲ್ಲಿ ಸಾಯಲು ಬಿಟ್ಟದ್ದು. ಅನ್ನ, ನೀರು, ಗಾಳಿ, ಬೆಳಕು ಕೊಟ್ಟು ಗಾಯ ಮಾಯುವವರೆಗೆ ಸಣ್ಣ ಕೋಣೆಯಲ್ಲಿ ಇಡುವುದು ಕರುಣೆಯೇ. ಓಡಿ ಜಿಗಿದರೆ ಒಳಗಿನ ಹೊಲಿಗೆಯೂ ಬಿಚ್ಚಬಹುದು.

ನೆಕ್ಕದಂತೆ ಕೊರಳಿಗೆ ಕೋನ್ ಕಟ್ಟಬೇಕು. ಸಿಗದಿದ್ದರೆ ಹಳೆಯ ಎಕ್ಸ್-ರೇ ಫಿಲ್ಮನ್ನು ಲಾಳಿಕೆಯಂತೆ ಸುತ್ತಿ, ಅಂಚಿಗೆ ಬಟ್ಟೆ ಹೊಲಿದು ಬಳಸಬಹುದು. ಮಲ ವಿಸರ್ಜನೆಗೆ ಮಣ್ಣು, ಮರಳು ಇಡಬೇಡಿ. ನಮ್ಮ ಎರೆಮಣ್ಣು ಗಾಯಕ್ಕೆ ಮೆತ್ತಿಕೊಳ್ಳುತ್ತದೆ. ಹರಿದ ಹಳೆಯ ಪತ್ರಿಕೆ ಒಳ್ಳೆಯದು.

ಇವನ್ನು ಕೊಡಬೇಡಿ, ಹಚ್ಚಬೇಡಿ

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ಮಕ್ಕಳ ಜ್ವರದ ಸಿರಪ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ.

ಗಾಯಕ್ಕೆ ಸುಣ್ಣ, ಸೀಮೆಎಣ್ಣೆ, ಅರಿಸಿನ ಹಚ್ಚಬೇಡಿ. ಡೆಟಾಲ್ ಮತ್ತು ನೆಲ ಒರೆಸುವ ಫಿನಾಯಿಲ್ ಸಹ ಬೆಕ್ಕಿಗೆ ವಿಷಕಾರಿ. ಮೈ ನೆಕ್ಕಿದಾಗ ಹೊಟ್ಟೆಗೆ ಹೋಗುತ್ತವೆ. ಗಾಯದ ಸುತ್ತ ಕೊಳೆಯಾದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ, ಶುಭ್ರ ಬಟ್ಟೆ ಅದ್ದಿ ಮೆಲ್ಲಗೆ ಒರೆಸಿ. ಹೊಲಿಗೆ ತೆಗೆಯುವವರೆಗೆ ಸ್ನಾನ ಬೇಡ.

ಬಿರಿಯಾನಿ, ಸಾರಿನ ಮಾಂಸ ಕೊಡಬೇಡಿ. ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತವೆ. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿ, ಎಲುಬು ತೆಗೆದ ಕೋಳಿಮಾಂಸವನ್ನು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ.

ತಡಮಾಡದೆ ವೈದ್ಯರನ್ನು ಕಾಣಿ

ಮೊದಲ ಎರಡು ಮೂರು ದಿನ ಹೊಲಿಗೆಯ ಅಂಚು ತುಸು ಕೆಂಪಾಗಿರುವುದು ಸಹಜ. ಆದರೆ ಕೀವು, ದುರ್ವಾಸನೆ, ಹೆಚ್ಚುತ್ತಿರುವ ಬಾವು, ಬಿಚ್ಚಿದ ಹೊಲಿಗೆ, ಬಿಳಿಚಿದ ಒಸಡು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಅರ್ಧ ದಿನವಾದರೂ ಏನೂ ತಿನ್ನದಿರುವುದು ಅಪಾಯದ ಗುರುತು. ಬೆಕ್ಕಿನ ಸಹಜ ಮೈಬಿಸಿ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಹತ್ತಿರದ ಸರಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ. ಪಶು ಚಿಕಿತ್ಸೆಯ ಸಹಾಯವಾಣಿ 1962 ಉಚಿತ. ಅಣ್ಣಿಗೇರಿ ಕಡೆಯವರು ಗದಗದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ ವಿಚಾರಿಸಬಹುದು.

ಮನೆಯ ಶುಚಿತ್ವ

ಅಬೂ ಕತಾದ(ರ) ಅವರು ವುಝೂವಿನ ನೀರಿನ ಪಾತ್ರೆಯನ್ನು ಬಾಗಿಸಿ ಬೆಕ್ಕಿಗೆ ಕುಡಿಸಿದರು, ಬೆಕ್ಕು ಅಶುದ್ಧವಲ್ಲವೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ನೆನಪಿಸಿದರು ಎಂಬುದು ಅಬೂ ದಾವೂದ್, ತಿರ್ಮಿದಿಯಲ್ಲಿದೆ. ಆದರೆ ಗಾಯದಿಂದ ಹರಿದ ರಕ್ತ, ಕೀವು, ಮೂತ್ರದ ವಿಷಯ ಬೇರೆ. ಅದು ತಾಗಿದ ಬಟ್ಟೆಯನ್ನು ನಮಾಝ್‌ಗೆ ಮೊದಲು ತೊಳೆಯಬೇಕು. ಗಾಯ ಒಣಗುವವರೆಗೆ ಮರಿಯನ್ನು ಜಾನಮಾಝ್‌ನಿಂದ ದೂರವಿಡಿ.

ಮಲವನ್ನು ದಿನವೂ ತೆಗೆದು, ಸೋಪಿನಿಂದ ಕೈ ತೊಳೆಯಿರಿ. ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಅದರಲ್ಲಿದ್ದರೆ ಒಂದು ದಿನ ಕಳೆದ ಮೇಲೆ ಸೋಂಕು ಹರಡಬಲ್ಲದು. ಗರ್ಭಿಣಿಯರು ಈ ಕೆಲಸ ಮಾಡಬಾರದು. ನೋವಿನಲ್ಲಿರುವ ಮರಿ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು-ನೀರಿನಿಂದ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಬೇಕೋ ಬೇಡವೋ ಎಂದು ವೈದ್ಯರು ಹೇಳಲಿ.

ಅನ್ಯಾಯವಾಗಿದ್ದರೆ

ಮೊದಲು ಆ ವೈದ್ಯರಿಗೇ ಬರಹದಲ್ಲಿ ವಿವರಣೆ ಕೇಳಿ. ರಸೀದಿ, ಚೀಟಿ, ಗಾಯದ ದಿನವಾರು ಫೋಟೊ ಇಟ್ಟುಕೊಳ್ಳಿ. ಸಮಾಧಾನವಾಗದಿದ್ದರೆ ರಾಜ್ಯ ಪಶುವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಹಣ ಪಡೆದು ಕೊಟ್ಟ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಹೇಳುವಾಗ ಕಂಡದ್ದನ್ನಷ್ಟೇ ಹೇಳಿ, ಕೋಪದಲ್ಲಿ ಒಂದಕ್ಕೆರಡು ಸೇರಿಸಬೇಡಿ. ದೂರು ಒಂದು ವಾರ ತಡೆದೀತು, ಆದರೆ ಮರಿಯ ಗಾಯ ತಡೆಯದು. ಮೊದಲು ಅದನ್ನು ನೋಡಿ.