ಮೆಮೊರಿ ಕಾರ್ಡ್ ಸ್ಲಾಟ್ ಎಲ್ಲಿರಬೇಕು? ಒಂದು ಸಣ್ಣ ಕಿಂಡಿಯ ಭೌತಶಾಸ್ತ್ರ



ಉಷ್ಣದ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಕಬ್ಬಿಣದ ಸರಳು, ನೀರಿನ ಪಾತ್ರೆ, ರೈಲು ಹಳಿಯ ಉದಾಹರಣೆಗಳನ್ನೇ ಕೊಡುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದೇ ಪಾಠ ನಿಮ್ಮ ಕೈಯಲ್ಲಿರುವ ಯಂತ್ರದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ. ನಾನು ಆರಿಸಿಕೊಂಡಿರುವ ವಸ್ತು ಬಹಳ ಸಣ್ಣದು: ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್‌ಗಳಲ್ಲಿ ಮೆಮೊರಿ ಕಾರ್ಡ್ ಹಾಕುವ ಸ್ಲಾಟ್.

ನಮ್ಮಲ್ಲಿ ಅನೇಕರ ಮನೆಯವರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ರಜೆಗೆ ಬರುವಾಗ ಇಂತಹ ಯಂತ್ರಗಳನ್ನು ಮಕ್ಕಳಿಗೆ ತಂದುಕೊಡುವುದೂ ಉಂಟು. ಹಾಗೆ ಮಾಮ ತಂದುಕೊಟ್ಟ ಒಂದನ್ನು ಇಟ್ಟುಕೊಂಡಿರುವ ದ್ವಿತೀಯ ಪಿಯುಸಿ ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ: "ಸರ್, ಸ್ಲಾಟ್ ಮೇಲಿದ್ದರೇನು, ಕೆಳಗಿದ್ದರೇನು? ಕಾರ್ಡ್ ಒಳಗೆ ಹೋದರೆ ಸಾಕಲ್ಲವೇ?" ಒಳ್ಳೆಯ ಪ್ರಶ್ನೆ. ಸಾಲದು ಎಂಬುದೇ ನನ್ನ ಉತ್ತರ. ಏಕೆ ಸಾಲದು ಎಂಬುದಕ್ಕೆ ಈ ಲೇಖನ.

ಕಾರ್ಡ್ ಏಕೆ ಬೇಕು?

ಮೈಕ್ರೋ ಎಸ್‌ಡಿ ಕಾರ್ಡ್‌ನ ಅಳತೆ 15 ಮಿ.ಮೀ. ಉದ್ದ, 11 ಮಿ.ಮೀ. ಅಗಲ, 1 ಮಿ.ಮೀ. ದಪ್ಪ. ಹೆಬ್ಬೆರಳ ಉಗುರಿನಷ್ಟು. ಎಸ್‌ಡಿ ಕಾರ್ಡನ್ನು 1999ರಲ್ಲಿ ಸ್ಯಾನ್‌ಡಿಸ್ಕ್, ಮತ್ಸುಶಿತ (ಇಂದಿನ ಪ್ಯಾನಾಸೋನಿಕ್) ಮತ್ತು ತೋಷಿಬಾ ಕಂಪನಿಗಳು ಸೇರಿ ಪ್ರಕಟಿಸಿದವು. ಅದರ ಪುಟ್ಟ ರೂಪವಾದ ಮೈಕ್ರೋ ಎಸ್‌ಡಿ 2005ರಲ್ಲಿ ಅಧಿಕೃತವಾಯಿತು.

ಇಂದಿನ ದೊಡ್ಡ ಗೇಮ್‌ಗಳು 50 ಜಿಬಿ, 100 ಜಿಬಿ ಜಾಗ ಬೇಡುತ್ತವೆ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರಲ್ಲಿ ಬಂದಾಗ ಅದರ ಅತಿ ಕಡಿಮೆ ಬೆಲೆಯ ಮಾದರಿಯಲ್ಲಿ ಇದ್ದದ್ದು 64 ಜಿಬಿ ಮಾತ್ರ. ಒಳಗಿನ ಸಂಗ್ರಹವನ್ನು ಬದಲಿಸಬೇಕಾದರೆ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಬೇಕು. ಕಾರ್ಡಿಗೆ ಆ ತೊಂದರೆ ಇಲ್ಲ, ಬೆರಳಿನಿಂದ ಒತ್ತಿದರೆ ಮುಗಿಯಿತು. ಆದ್ದರಿಂದ ಕಡಿಮೆ ಬೆಲೆಯ ಮಾದರಿ ಕೊಂಡವರಿಗೆ ಈ ಸ್ಲಾಟ್ ಅಲಂಕಾರವಲ್ಲ, ಅಗತ್ಯ. ಅದು ಕೆಟ್ಟರೆ ಯಂತ್ರದ ಅರ್ಧ ಉಪಯೋಗ ಹೋದಂತೆ.

ನಾಲ್ಕು ಅಂಚುಗಳು, ಅನೇಕ ಬೇಡಿಕೆಗಳು

ಇಂತಹ ಯಂತ್ರವನ್ನು ಎರಡೂ ಕೈಗಳಲ್ಲಿ ಹಿಡಿದಿದ್ದೀರಿ ಎಂದುಕೊಳ್ಳಿ. ಎಡ ಮತ್ತು ಬಲ ಅಂಚುಗಳನ್ನು ಅಂಗೈಗಳು ಹಿಡಿದಿವೆ. ಅಲ್ಲಿ ಸ್ಲಾಟ್ ಇಟ್ಟರೆ ಆಟದ ಭರದಲ್ಲಿ ಕಾರ್ಡ್ ಒತ್ತಿಹೋಗಿ ಹೊರಬರಬಹುದು. ಈ ಸ್ಲಾಟ್‌ಗಳಲ್ಲಿ ಹೆಚ್ಚಿನವು ಒಮ್ಮೆ ಒತ್ತಿದರೆ ಒಳಗೆ, ಮತ್ತೊಮ್ಮೆ ಒತ್ತಿದರೆ ಹೊರಗೆ ಎಂಬ ಸ್ಪ್ರಿಂಗ್ ವ್ಯವಸ್ಥೆಯವು. ಹಿಂಬದಿಯಲ್ಲಿ ಬೆರಳುಗಳಿವೆ, ತಂಪು ಗಾಳಿ ಒಳಬರುವ ರಂಧ್ರಗಳೂ ಇವೆ. ಮೇಲಿನ ಅಂಚಿನಲ್ಲಿ ಟ್ರಿಗರ್ ಗುಂಡಿಗಳು, ಧ್ವನಿ ಹೆಚ್ಚಿಸುವ ಗುಂಡಿಗಳು, ಚಾರ್ಜಿಂಗ್ ಪೋರ್ಟ್, ಜೊತೆಗೆ ಬಿಸಿಗಾಳಿ ಹೊರಹೋಗುವ ಕಿಂಡಿ. ಉಳಿದದ್ದು ಕೆಳಗಿನ ಅಂಚು. ಅದು ಮಡಿಲಿನ ಮೇಲೋ ಮೇಜಿನ ಮೇಲೋ ಕೂರುತ್ತದೆ, ಧೂಳು ತಾಗುತ್ತದೆ.

ಎಲ್ಲಿ ಇಟ್ಟರೂ ಏನಾದರೊಂದು ತೊಂದರೆ ಇದ್ದೇ ಇದೆ. ಯಾವ ತೊಂದರೆಯನ್ನು ಒಪ್ಪಿಕೊಳ್ಳುವುದು, ಯಾವುದನ್ನು ಒಪ್ಪಿಕೊಳ್ಳಬಾರದು ಎಂದು ನಿರ್ಧರಿಸುವುದೇ ಎಂಜಿನಿಯರ್‌ನ ಕೆಲಸ.

ಉಷ್ಣದ ಲೆಕ್ಕ

2023ರ ಜೂನ್‌ನಲ್ಲಿ ಅಸುಸ್ ಕಂಪನಿ ಆರ್‌ಒಜಿ ಆಲೈ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮರು ತಿಂಗಳು ಭಾರತದಲ್ಲೂ ಸುಮಾರು 70 ಸಾವಿರ ರೂಪಾಯಿಗೆ ಮಾರಾಟಕ್ಕೆ ಬಂತು. ಅದರ ಬ್ಯಾಟರಿ 40 ವ್ಯಾಟ್-ಗಂಟೆಯದು. ಟರ್ಬೊ ಮೋಡ್‌ನಲ್ಲಿ ಅದರ ಮುಖ್ಯ ಚಿಪ್‌ಗೆ 25 ವ್ಯಾಟ್ ಶಕ್ತಿ ಕೊಡಲಾಗುತ್ತದೆ. ಈಗ ಲೆಕ್ಕ ಮಾಡಿ.

25 ವ್ಯಾಟ್ ಎಂದರೆ ಸೆಕೆಂಡಿಗೆ 25 ಜೂಲ್. ಒಂದು ಗಂಟೆಗೆ 25 × 3600 = 90,000 ಜೂಲ್. ಚಿಪ್ ಯಾವುದೇ ಭಾರ ಎತ್ತುವುದಿಲ್ಲ, ಚಕ್ರ ತಿರುಗಿಸುವುದಿಲ್ಲ. ಆದ್ದರಿಂದ ಈ ಶಕ್ತಿಯೆಲ್ಲ ಕೊನೆಗೆ ಉಷ್ಣವೇ ಆಗುತ್ತದೆ. ಒಂದು ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಬೇಕು ಎಂದು ನೀವು ಕಲಿತಿದ್ದೀರಿ. 90,000ವನ್ನು 4,186ರಿಂದ ಭಾಗಿಸಿದರೆ 21.5. ಅಂದರೆ ಒಂದು ಗಂಟೆಯ ಆಟದ ಬಿಸಿ ಒಂದು ಲೀಟರ್ ನೀರನ್ನು 21 ಡಿಗ್ರಿಗೂ ಹೆಚ್ಚು ಬಿಸಿ ಮಾಡಬಲ್ಲದು. ಅರ್ಧ ಕಿಲೋ ಚಿಲ್ಲರೆ ತೂಗುವ ಒಂದು ಯಂತ್ರದೊಳಗೆ ಇಷ್ಟು ಉಷ್ಣ ಹುಟ್ಟುತ್ತದೆ.

ಅದನ್ನು ಹೊರಹಾಕಲು ಮೂರು ಹಂತಗಳಿವೆ. ಚಿಪ್‌ನಿಂದ ತಾಮ್ರದ ಕೊಳವೆಗೆ ಉಷ್ಣ ವಹನದಿಂದ ಹೋಗುತ್ತದೆ. ಕೊಳವೆ ಅದನ್ನು ತೆಳು ಲೋಹದ ರೆಕ್ಕೆಗಳವರೆಗೆ ಒಯ್ಯುತ್ತದೆ. ಅಲ್ಲಿಂದ ಫ್ಯಾನ್ ಊದುವ ಗಾಳಿ ಸಂವಹನದಿಂದ ಹೊರಗೆ ಸಾಗಿಸುತ್ತದೆ. ಬಿಸಿಗಾಳಿ ಕೈಗೆ ತಾಗಬಾರದೆಂದು ಸಾಮಾನ್ಯವಾಗಿ ಅದನ್ನು ಮೇಲಿನ ಅಂಚಿನಿಂದ ಬಿಡುತ್ತಾರೆ. ಇಲ್ಲಿಯವರೆಗೆ ಎಲ್ಲವೂ ಸರಿ.

ಆರ್‌ಒಜಿ ಆಲೈಯಲ್ಲಿ ಕಾರ್ಡ್ ಸ್ಲಾಟ್ ಇದ್ದದ್ದೂ ಮೇಲಿನ ಅಂಚಿನಲ್ಲೇ, ಬಿಸಿಗಾಳಿಯ ಕಿಂಡಿಯ ಪಕ್ಕದಲ್ಲಿ. ಯಂತ್ರ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಕಾರ್ಡ್ ಓದುತ್ತಿಲ್ಲ ಎಂಬ ದೂರುಗಳು ಬಂದವು. 2023ರ ಜುಲೈನಲ್ಲಿ ಕಂಪನಿ ಪರೀಕ್ಷೆ ನಡೆಸಿ, ಉಷ್ಣದ ಒತ್ತಡದ ಕೆಲವು ಸಂದರ್ಭಗಳಲ್ಲಿ ಕಾರ್ಡ್ ರೀಡರ್ ಕೆಡಬಹುದು ಎಂದು ಒಪ್ಪಿಕೊಂಡಿತು. ಫ್ಯಾನ್ ಹೆಚ್ಚು ವೇಗದಲ್ಲಿ ತಿರುಗುವಂತೆ ಸಾಫ್ಟ್‌ವೇರ್ ಬದಲಿಸಿತು. 2024ರ ಜುಲೈನಲ್ಲಿ ಬಂದ ಆಲೈ ಎಕ್ಸ್ ಮಾದರಿಯಲ್ಲಿ ಸ್ಲಾಟನ್ನೇ ಬಿಸಿಯಿಂದ ದೂರ ಸರಿಸಲಾಯಿತು.

ಈ ಎರಡು ಪರಿಹಾರಗಳ ವ್ಯತ್ಯಾಸ ಗಮನಿಸಿ. ಫ್ಯಾನ್ ವೇಗ ಹೆಚ್ಚಿಸಿದರೆ ಸದ್ದೂ ಹೆಚ್ಚುತ್ತದೆ, ಬ್ಯಾಟರಿಯೂ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಕೊಂಡವರು ಪ್ರತಿದಿನ ಅದರ ಬೆಲೆ ತೆರಬೇಕು. ಸ್ಥಳ ಬದಲಿಸುವುದಕ್ಕೆ ಖರ್ಚು ಒಂದೇ ಬಾರಿ, ಅದೂ ನಕ್ಷೆ ಬರೆಯುವಾಗ. ಆದರೆ ಮಾರಿದ ಮೇಲೆ ನಕ್ಷೆ ಬದಲಿಸಲಾಗದು.

ಬಿಸಿ ಏನು ಮಾಡುತ್ತದೆ?

ಸಾಮಾನ್ಯ ಮೈಕ್ರೋ ಎಸ್‌ಡಿ ಕಾರ್ಡ್‌ಗಳನ್ನು ಮೈನಸ್ 25ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುವಂತೆ ರೂಪಿಸುತ್ತಾರೆ. 85 ಡಿಗ್ರಿ ಬಹಳ ಹೆಚ್ಚೆಂದು ತೋರಬಹುದು. ಆದರೆ ಕಾರ್ಡ್ ತಾನೇ ಓದುವಾಗ, ಬರೆಯುವಾಗ ಬಿಸಿಯಾಗುತ್ತದೆ. ಅದರ ಮೇಲೆ ಯಂತ್ರದ ಬಿಸಿ, ಅದರ ಮೇಲೆ ನಮ್ಮ ಬೇಸಿಗೆಯ ಕೋಣೆಯ ಬಿಸಿ ಕೂಡುತ್ತದೆ.

ಮೊದಲನೆಯದಾಗಿ, ಉಷ್ಣ ವ್ಯಾಕೋಚನೆ. ತಾಮ್ರದ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ಸುಮಾರು 17 × 10⁻⁶. 10 ಮಿ.ಮೀ. ತಾಮ್ರ 40 ಡಿಗ್ರಿ ಬಿಸಿಯಾದರೆ ಹಿಗ್ಗುವುದು 0.0068 ಮಿ.ಮೀ. ಕಣ್ಣಿಗೆ ಕಾಣದು. ಆದರೆ ಪಕ್ಕದ ಪ್ಲಾಸ್ಟಿಕ್ ಸಾಮಾನ್ಯವಾಗಿ ಅದಕ್ಕಿಂತ ಕೆಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಎರಡನ್ನೂ ಹಿಡಿದಿರುವ ಬೆಸುಗೆ ಆ ಎಳೆದಾಟವನ್ನು ತಡೆಯಬೇಕು. ಪ್ರತಿ ಬಾರಿ ಆಡಿ ನಿಲ್ಲಿಸಿದಾಗಲೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುವುದನ್ನು ನೀವು ಮಾಡಿಯೇ ಇದ್ದೀರಿ. ತತ್ತ್ವ ಅದೇ.

ಎರಡನೆಯದು ಕಾರ್ಡಿನೊಳಗಿನ ದತ್ತಾಂಶ. ಫ್ಲ್ಯಾಶ್ ಮೆಮೊರಿಯಲ್ಲಿ ಮಾಹಿತಿ ಎಂದರೆ ಅವಾಹಕ ಪದರದ ನಡುವೆ ಕೂಡಿಹಾಕಿದ ಎಲೆಕ್ಟ್ರಾನ್‌ಗಳು. ಜಪಾನಿನ ಫುಜಿಯೊ ಮಸುವೋಕಾ ತೋಷಿಬಾದಲ್ಲಿದ್ದಾಗ 1980ರ ದಶಕದಲ್ಲಿ ಈ ಮೆಮೊರಿಯನ್ನು ಕಂಡುಹಿಡಿದರು. ತಾಪ ಹೆಚ್ಚಿದಷ್ಟೂ ಎಲೆಕ್ಟ್ರಾನ್‌ಗಳು ತಪ್ಪಿಸಿಕೊಳ್ಳುವ ವೇಗವೂ ಹೆಚ್ಚು. ಬಿಸಿ ಜಾಗದಲ್ಲಿ ವರ್ಷಗಟ್ಟಲೆ ಇರುವ ಕಾರ್ಡ್ ತಂಪು ಜಾಗದಲ್ಲಿರುವ ಕಾರ್ಡಿಗಿಂತ ಬೇಗ ನೆನಪು ಕಳೆದುಕೊಳ್ಳುತ್ತದೆ.

ಹಾಗಾದರೆ ದೂರ ಇಟ್ಟರೆ ಮುಗಿಯಿತೇ?

ಇಲ್ಲಿ ಇನ್ನೊಂದು ಪಾಠ ಅಡ್ಡ ಬರುತ್ತದೆ. ಯುಎಚ್‌ಎಸ್-1 ಎಂಬ ವರ್ಗದ ಕಾರ್ಡ್ ಗರಿಷ್ಠ 208 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ನಾಲ್ಕು ದತ್ತಾಂಶ ತಂತಿಗಳ ಮೂಲಕ ಮಾತನಾಡುತ್ತದೆ. 208 × 4 = 832 ಮೆಗಾಬಿಟ್, ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 104 ಮೆಗಾಬೈಟ್. ಪೊಟ್ಟಣದ ಮೇಲೆ ಕಾಣುವ ವೇಗದ ಮೂಲ ಇದೇ.

208 ಮೆಗಾಹರ್ಟ್ಸ್‌ನ ಒಂದು ಆವರ್ತನ ಕಾಲ ಸುಮಾರು 4.8 ನ್ಯಾನೋಸೆಕೆಂಡ್. ಸರ್ಕ್ಯೂಟ್ ಬೋರ್ಡಿನಲ್ಲಿ ಸಂಕೇತ ಬೆಳಕಿನ ಅರ್ಧದಷ್ಟು ವೇಗದಲ್ಲಿ, ಅಂದರೆ ನ್ಯಾನೋಸೆಕೆಂಡಿಗೆ ಸುಮಾರು 15 ಸೆಂ.ಮೀ. ಸಾಗುತ್ತದೆ. ಸ್ಲಾಟ್ ಚಿಪ್‌ನಿಂದ 15 ಸೆಂ.ಮೀ. ದೂರವಿದ್ದರೆ ಆವರ್ತನ ಕಾಲದ ಐದನೇ ಒಂದು ಭಾಗ ದಾರಿಯಲ್ಲೇ ಕಳೆಯುತ್ತದೆ. ತಂತಿ ಉದ್ದವಾದಷ್ಟೂ ಗದ್ದಲ ಸೇರುವ ಅವಕಾಶವೂ ಹೆಚ್ಚು. ನಾಲ್ಕೂ ತಂತಿಗಳ ಉದ್ದ ಹೆಚ್ಚು ಕಡಿಮೆ ಒಂದೇ ಇರುವಂತೆ ನೋಡಿಕೊಳ್ಳಬೇಕು.

ಹೀಗಾಗಿ ಚಿಪ್‌ಗೆ ಹತ್ತಿರ ಇರಲಿ ಎನ್ನುತ್ತದೆ ಸಂಕೇತದ ಪಾಠ. ಚಿಪ್‌ನ ಬಿಸಿಯಿಂದ ದೂರ ಇರಲಿ ಎನ್ನುತ್ತದೆ ಉಷ್ಣದ ಪಾಠ. ಎರಡೂ ಸರಿ. ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿರುವ ಇವು ಯಂತ್ರದೊಳಗೆ ಒಂದೇ ಜಾಗಕ್ಕಾಗಿ ಜಗ್ಗಾಡುತ್ತವೆ.

ಇತರರು ಏನು ಮಾಡಿದರು?

ಸ್ಟೀಮ್ ಡೆಕ್‌ನಲ್ಲಿ ಬಿಸಿಗಾಳಿ ಮೇಲಿನಿಂದ ಹೋಗುತ್ತದೆ, ಸ್ಲಾಟ್ ಕೆಳಗಿನ ಅಂಚಿನಲ್ಲಿದೆ. ಉಷ್ಣದ ದೃಷ್ಟಿಯಿಂದ ಒಳ್ಳೆಯ ಆಯ್ಕೆ. ಆದರೆ ಅಲ್ಲೂ ಒಂದು ಎಚ್ಚರಿಕೆ ಇದೆ. ರಿಪೇರಿಗಾಗಿ ಹಿಂಬದಿಯ ಎಂಟು ಸ್ಕ್ರೂ ಬಿಚ್ಚಿ ಕವಚ ಎತ್ತುವ ಮೊದಲು ಕಾರ್ಡ್ ಹೊರತೆಗೆಯಲೇಬೇಕು. ಇಲ್ಲದಿದ್ದರೆ ಕಾರ್ಡಿನ ಒಂದು ಭಾಗ ಬೋರ್ಡಿನಲ್ಲಿ, ಇನ್ನೊಂದು ಭಾಗ ಕವಚದ ಸೀಳಿನಲ್ಲಿ ಸಿಕ್ಕಿ, ಕವಚ ಎತ್ತಿದಾಗ ಮುರಿಯುತ್ತದೆ. ಬಿಸಿಯಿಂದ ಪಾರಾದ ಕಾರ್ಡ್ ಸ್ಕ್ರೂಡ್ರೈವರ್ ಹಿಡಿದವನ ಕೈಯಲ್ಲಿ ಹೋಗಬಹುದು.

2017ರ ನಿಂಟೆಂಡೊ ಸ್ವಿಚ್‌ನಲ್ಲಿ ಸ್ಲಾಟ್ ಹಿಂಬದಿಯಲ್ಲಿ, ಯಂತ್ರವನ್ನು ಮೇಜಿನ ಮೇಲೆ ನಿಲ್ಲಿಸುವ ಕಾಲಿನ ಅಡಿಯಲ್ಲಿ ಅಡಗಿದೆ. ಧೂಳು ಹೋಗದು, ಬೆರಳು ತಾಗದು. ಮೇಲಿಂದ ಮೇಲೆ ಬದಲಿಸುವವರಿಗೆ ಮಾತ್ರ ಸ್ವಲ್ಪ ಕಿರಿಕಿರಿ. 2025ರ ಸ್ವಿಚ್ 2 ಯಂತ್ರವೂ ಅದೇ ಜಾಗವನ್ನು ಉಳಿಸಿಕೊಂಡಿದೆ. ಆದರೆ ಅದರಲ್ಲಿ ಗೇಮ್‌ಗಳಿಗೆ ಬೇಕಾದದ್ದು ಹೆಚ್ಚು ವೇಗದ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡ್.

ನಮ್ಮ ಹಳೆಯ ಕೀಪ್ಯಾಡ್ ಫೋನ್‌ಗಳನ್ನು ನೆನಪಿಸಿಕೊಳ್ಳಿ. ಅನೇಕ ಫೋನ್‌ಗಳಲ್ಲಿ ಕಾರ್ಡ್ ಬ್ಯಾಟರಿಯ ಅಡಿಯಲ್ಲಿರುತ್ತಿತ್ತು. ಬ್ಯಾಟರಿ ತೆಗೆಯದೆ ಕಾರ್ಡ್ ಬರುತ್ತಿರಲಿಲ್ಲ. ಬೇಸರದ ಸಂಗತಿ ಎನಿಸಿದರೂ, ಮಾಹಿತಿ ಬರೆಯುತ್ತಿರುವಾಗಲೇ ಯಾರೂ ಕಾರ್ಡನ್ನಷ್ಟೇ ಎಳೆದು ತೆಗೆಯದಂತೆ ಆ ಸ್ಥಳವೇ ಕಾವಲು ಕಾಯುತ್ತಿತ್ತು.

ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು

70 ಸಾವಿರ ರೂಪಾಯಿ ನಮ್ಮಲ್ಲಿ ಹಲವು ಮನೆಗಳಿಗೆ ತಿಂಗಳುಗಳ ದುಡಿಮೆ. ಅದನ್ನು ಖರ್ಚು ಮಾಡುವ ಮೊದಲು ಪರದೆಯ ಗಾತ್ರ, ಚಿಪ್‌ನ ಹೆಸರು ಮಾತ್ರ ಕೇಳಿದರೆ ಸಾಲದು. ಬಿಸಿಗಾಳಿ ಎಲ್ಲಿಂದ ಹೊರಬರುತ್ತದೆ, ಸ್ಲಾಟ್ ಅದರಿಂದ ಎಷ್ಟು ದೂರ? ಸ್ಲಾಟ್ ಮುಖ್ಯ ಬೋರ್ಡಿಗೇ ಬೆಸೆದಿದೆಯೇ, ಬೇರೆ ಸಣ್ಣ ಬೋರ್ಡಿನ ಮೇಲಿದೆಯೇ? ಮುಖ್ಯ ಬೋರ್ಡಿಗೇ ಬೆಸೆದಿದ್ದರೆ ಸಣ್ಣ ಸ್ಲಾಟ್ ಕೆಟ್ಟರೂ ರಿಪೇರಿ ದೊಡ್ಡದಾಗುತ್ತದೆ. ಹೊರದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದೆಯೇ?

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕಾರ್ಡ್ ಹಾಕಿ ಕೂಡಲೇ ನೋಡಿ ತೃಪ್ತರಾಗಬೇಡಿ. ಕಾರ್ಡಿನಿಂದಲೇ ಗೇಮ್ ನಡೆಸಿ, ಅರ್ಧ ಗಂಟೆಯಾದರೂ ಬಿಸಿಯಾಗಲು ಬಿಡಿ, ಆಮೇಲೆ ಮತ್ತೆ ಪರೀಕ್ಷಿಸಿ. ತಣ್ಣಗಿರುವಾಗ ಕೂಡಿಕೊಂಡಿರುವ ಸಡಿಲ ಬೆಸುಗೆ ಬಿಸಿಯಾದಾಗ ಕೈಕೊಡಬಹುದು. ಯಂತ್ರ ಯಾವುದೇ ಇರಲಿ, ಮುಖ್ಯವಾದ ಫೋಟೊ, ಪ್ರಾಜೆಕ್ಟ್ ಕಡತಗಳ ಏಕೈಕ ಪ್ರತಿಯನ್ನು ಇಂತಹ ಕಾರ್ಡಿನಲ್ಲಿ ಇಡಬೇಡಿ. ಗೇಮ್ ಮತ್ತೆ ಡೌನ್‌ಲೋಡ್ ಆಗುತ್ತದೆ, ಅಜ್ಜಿಯ ಫೋಟೊ ಆಗುವುದಿಲ್ಲ.

ನಿಮಗೊಂದು ಕೆಲಸ

ನಿಮ್ಮಲ್ಲಿ ಅನೇಕರು ಮುಂದೆ ಎಂಜಿನಿಯರಿಂಗ್ ಸೇರುವವರು. ಒಂದು ದಿನ ಸ್ಲಾಟ್ ಎಲ್ಲಿರಬೇಕೆಂದು ನಿರ್ಧರಿಸುವ ಮೇಜಿನ ಮುಂದೆ ನೀವೇ ಕೂರಬಹುದು. ಆಗ ತಪ್ಪು ಜಾಗದ ಬೆಲೆ ತೆರುವವರು ನಕ್ಷೆ ಬರೆದವರಲ್ಲ, ದೂರದ ಊರಲ್ಲಿ ದುಡಿದು ಅದನ್ನು ಕೊಂಡು ತಂದವರು ಎಂಬುದು ನೆನಪಿರಲಿ.

ಈಗಲೇ ಅಭ್ಯಾಸ ಶುರು ಮಾಡಿ. ಮನೆಯಲ್ಲಿರುವ ಯಾವುದಾದರೂ ಮೂರು ಉಪಕರಣ ಆರಿಸಿಕೊಳ್ಳಿ: ಫೋನ್, ಲ್ಯಾಪ್‌ಟಾಪ್, ಸೆಟ್‌ಟಾಪ್ ಬಾಕ್ಸ್, ಏನಾದರೂ ಸರಿ. ಬಿಸಿ ಎಲ್ಲಿಂದ ಹೊರಬರುತ್ತದೆ, ಕೈ ಎಲ್ಲಿ ಹಿಡಿಯುತ್ತದೆ, ಕಿಂಡಿಗಳು ಎಲ್ಲಿವೆ ಎಂದು ಒಂದು ಹಾಳೆಯಲ್ಲಿ ಚಿತ್ರ ಬರೆಯಿರಿ. ನೀವಾಗಿದ್ದರೆ ಯಾವುದನ್ನು ಎಲ್ಲಿಗೆ ಸರಿಸುತ್ತಿದ್ದಿರಿ, ಹಾಗೆ ಸರಿಸಿದರೆ ಯಾವ ಹೊಸ ತೊಂದರೆ ಬರುತ್ತದೆ ಎಂದು ನಾಲ್ಕು ಸಾಲು ಸೇರಿಸಿ. ಹಾಳೆಗಳನ್ನು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ, ಒಟ್ಟಿಗೆ ಕೂತು ನೋಡೋಣ.