ಬಳೆಚೂರಿನ ಲೆಕ್ಕ

ಪುಟ್ಟಿ, ಬಳ್ಳಾರಿಯ ಹಾಸ್ಟೆಲಿನಲ್ಲಿ ನೀನು ಹೊಟ್ಟೆ ತುಂಬ ಉಣ್ಣುವುದಿಲ್ಲವೆಂದು ಅಜ್ಜಿಯ ಕೊರಗು. ಗಣಿತದ ಪರೀಕ್ಷೆಯಲ್ಲಿ ಅರ್ಧ ತಾಸು ಉಳಿದಿರುವಾಗಲೇ ಎದ್ದು ಬಂದೆಯೆಂದು ಈ ತಾತನದು.

ಒಡೆದ ಬಳೆಯ ಒಂದೇ ಚೂರು ಕೊಟ್ಟರೆ ಇಡೀ ಬಳೆಯ ಅಳತೆ ಹೇಳಬಲ್ಲೆಯಾ ಎಂದು ಒಗಟು ಕಳಿಸಿದ್ದೀಯಲ್ಲ, ಓದಿ ನಕ್ಕೆ ತಾಯಿ. ಮದುವೆಯಾದ ವರುಷವೇ ಅದನ್ನು ಬಿಡಿಸಿದ್ದೆ, ತಪ್ಪಾಗಿ.

ಆವತ್ತು ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು. ಉತ್ತತ್ತಿ, ಬಾಳೆಹಣ್ಣು ತೂರುತ್ತ ಜನ ಮುಂದೆ ನುಗ್ಗಿದಾಗ ಗಾಬರಿಯಿಂದ ನಿನ್ನ ಅಜ್ಜಿಯ ಕೈ ಹಿಡಿದೆಳೆದೆ. ಹಸಿರು ಗಾಜಿನ ಬಳೆ ಎರಡು ಒಡೆದವು. ‘ಒಡೆದವು ಅನ್ನಬಾರದು, ಹೆಚ್ಚಿದವು ಅನ್ನಬೇಕು’ ಎಂದು ಅಲ್ಲೇ ತಿದ್ದಿದಳು. ಊರು ಮುಟ್ಟುವವರೆಗೆ ಮತ್ತೆ ಮಾತಿಲ್ಲ. ಒಂದು ಚೂರನ್ನು ಗುಟ್ಟಾಗಿ ಜೇಬಿಗೆ ಹಾಕಿಕೊಂಡೆ. ಅದೇ ಅಳತೆಯ ಒಂದು ಡಜನ್ ತಂದು ಕೊಡಬೇಕೆಂಬ ಹುಮ್ಮಸ್ಸು. ಅವಳನ್ನೇ ಕೇಳಿದ್ದರೆ ಮುಗಿಯುತ್ತಿತ್ತು ಅನ್ನುತ್ತೀಯಾ? ಹೊಸ ಗಂಡನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು!

ಚೂರನ್ನು ಕಾಗದದ ಮೇಲಿಟ್ಟು ಒಳ ಅಂಚಿನ ಗುಂಟ ಪೆನ್ಸಿಲ್ ಆಡಿಸಿದೆ. ಅದು ಬಿಲ್ಲು. ಎರಡು ತುದಿ ಕೂಡಿಸಿದ ಗೆರೆ ಅದರ ಹೆದೆ. ಹೆದೆಯ ನಟ್ಟನಡುವಿನಿಂದ ಬಿಲ್ಲಿಗೆ ನೆಟ್ಟಗೆ ಹೋಗುವ ಪುಟ್ಟ ಗೆರೆಗೆ ಹಳಬರು ಶರ ಎಂದರು. ಆ ಶರವನ್ನೇ ಹಿಂದಕ್ಕೆ ಬೆಳೆಸಿ ಬಳೆಯ ಎದುರಂಚು ಮುಟ್ಟಿಸಿದರೆ ಒಟ್ಟು ಉದ್ದ ವ್ಯಾಸ. ಹೆದೆ ಅದನ್ನು ಎರಡು ತುಂಡು ಮಾಡುತ್ತದೆ. ಆ ಎರಡನ್ನೂ ಗುಣಿಸಿದರೆ ಅರ್ಧ ಹೆದೆಯ ವರ್ಗ ಬರುತ್ತದೆಂದು ಆರ್ಯಭಟ 499ರಲ್ಲೇ ‘ಆರ್ಯಭಟೀಯ’ದಲ್ಲಿ ಹೇಳಿಟ್ಟಿದ್ದಾನೆ. ಚಿಕ್ಕ ತುಂಡು ನನ್ನ ಕಾಗದದ ಮೇಲಿತ್ತು, ದೊಡ್ಡದು ಕುರುಗೋಡಿನ ಮಣ್ಣಿನಲ್ಲಿ. (ಸಂಗನಕಲ್ಲಿನಂಥ ಪ್ರಾಚೀನ ನೆಲೆಗಳಲ್ಲಿ ಅಗೆಯುವವರು ಮಡಕೆಯ ಬಾಯಗಲವನ್ನು ಅಂದಾಜು ಮಾಡುವುದೂ ಹೀಗೆಯೇ, ಅಂಚಿನ ಚೂರಿನ ಬಾಗು ನೋಡಿ.)

ಇನ್ನು ಅಳತೆ: ಬಳೆಗಾರರಿಗೆ ಇಂಚೇ ರೂಪಾಯಿ, ಅದಕ್ಕೆ 16 ಆಣೆ. ಸರ್ಕಾರ 1957ರಲ್ಲಿ ನಯಾಪೈಸೆ ತಂದರೂ ಬಳೆಯಂಗಡಿಯಲ್ಲಿ ಆಣೆ ಸತ್ತಿಲ್ಲ. 2-8 ಎಂದರೆ ಎರಡಿಂಚು ಎಂಟಾಣೆ, ಅಂದರೆ ಎರಡೂವರೆ ಇಂಚು ವ್ಯಾಸ. ಈಗ ಅದನ್ನು 2.8 ಎಂದು ಬರೆದು ನಿಮ್ಮಂಥ ದಶಮಾಂಶದವರ ದಾರಿ ತಪ್ಪಿಸುತ್ತಾರೆ, ಹುಷಾರು.

ನನ್ನ ಚೂರಿನ ಅರ್ಧ ಹೆದೆ 12 ಆಣೆ, ಶರ 4 ಆಣೆ. 12ರ ವರ್ಗ 144. ನಾಲ್ಕರಿಂದ ಭಾಗಿಸಿದರೆ 36. ಮೂವತ್ತಾರಾಣೆ ಎಂದರೆ 2-4! ಬಳ್ಳಾರಿಯ ತೇರುಬೀದಿಗೆ ಓಡಿದೆ. ಯಾರ ಕೈಗೆ ಎಂದು ಕೇಳಿದ ಬಳೆಗಾರನಿಗೂ ಲೆಕ್ಕ ಒಪ್ಪಿಸಿ, ಒಂದು ಡಜನ್ ಕಟ್ಟಿಸಿಕೊಂಡು ಬಂದೆ.

ಬಳೆ ಗೆಣ್ಣು ದಾಟಲಿಲ್ಲ. ಸಾಬೂನು ಹಚ್ಚಿ ಒತ್ತಿದರೆ ಮತ್ತೊಂದು ‘ಹೆಚ್ಚಿತು’, ಚರ್ಮ ತರಚಿತು. ಲೆಕ್ಕ ಸರಿಯಿದೆ ಎಂದು ನಾನು ಆ ಕಾಗದ ಹಿಡಿದು ವಾದಕ್ಕೆ ನಿಂತೆ. ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು ಶರದ ಮೇಲೆ ಬೆರಳಿಟ್ಟು, ‘ಈ ತುಣುಕನ್ನು ಎಲ್ಲಿ ಸೇರಿಸಿದಿರಿ?’ ಎಂದಳು. ಸೇರಿಸಿರಲಿಲ್ಲ. 36 ಬರೀ ದೊಡ್ಡ ತುಂಡಿನ ಉದ್ದ. ಅದಕ್ಕೆ 4 ಕೂಡಿಸಿದರೆ 40 ಆಣೆ, 2-8.

ಭಾಗಾಕಾರ ತಪ್ಪಿರಲಿಲ್ಲ ಪುಟ್ಟಿ. ಬಂದ ಸಂಖ್ಯೆ ಯಾವ ಗೆರೆಯದು ಎಂದು ನಾನು ಕೇಳಿಕೊಳ್ಳಲಿಲ್ಲ, ಅಷ್ಟೇ. ಅದಕ್ಕೇ ಹೇಳುವುದು: ಉತ್ತರ ಬಂದ ಖುಷಿಗೆ ಎದ್ದು ಬರಬೇಡ. ಒಂದು ಗಳಿಗೆ ಕೂತು, ಬಿಡಿಸಿದ ಚಿತ್ರದ ಮೇಲೆ ಬೆರಳಿಟ್ಟು ನೋಡು. ಹಾಗೆ ನೋಡಲು ಆ ಅರ್ಧ ತಾಸು ಧಾರಾಳ ಸಾಕಾಗುತ್ತಿತ್ತು.

ಸಂಕ್ರಾಂತಿಗೆ ಬರುವಾಗ ತೇರುಬೀದಿಯಿಂದ ಅಜ್ಜಿಗೆ ಒಂದು ಡಜನ್ ಹಸಿರು ಬಳೆ ತಾ. ಅಳತೆ ಈಗಲೂ 2-8.